ಮತಸಂಸ್ಥೆಯ ಪ್ರಾಥಮಿಕ ಶಾಲೆಯೂ ವಿಜ್ಞಾನದ ಪಾಠವೂ

ಕ್ರೈಸ್ತ ಮತಸಂಸ್ಥೆಗಳು, ಅದರಲ್ಲಿಯೂ ಕೆಥೋಲಿಕರು, ನಡೆಸುವ ಪ್ರಾಥಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ನಿಸ್ಸಂಕೋಚವಾಗಿ ಕಲಿಸಲು ಸಾಧ್ಯವೇ ಎಂಬ ಸಂಶಯವನ್ನು ಅನೇಕರು ವ್ಯಕ್ತಪಡಿಸುವುದುಂಟು. 1633ರಲ್ಲಿ ರೋಮಿನಲ್ಲಿ ಗೆಲಿಲಿಯೋ ಅನುಭವಿಸಿದ ವಿಚಾರಣೆಯನ್ನು ಬಲ್ಲವರಿಗೆ ಈ ಸಂಶಯ ಸಹಜವೇ ಸರಿ. ಆದರೆ ನಮ್ಮ ನಾಡಿನ ಶಾಲಾ ಇತಿಹಾಸವನ್ನು ಪರಿಶೀಲಿಸಿದಲ್ಲಿ ಈ ಪಾಠಕ್ಕೆ ಅಡ್ಡಿಯಾದುದು ಮತಬೋಧೆಗಿಂತ ಹೆಚ್ಚಾಗಿ ಕಂಠಪಾಠವೆಂದು ತೋರುತ್ತದೆ.

ಗುಳೇದಗುಡ್ಡದ ನಿದರ್ಶನವನ್ನೇ ತೆಗೆದುಕೊಳ್ಳಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1851ರಲ್ಲಿ ನೇಕಾರರ ಈ ಊರಿನಲ್ಲಿಯೂ ನೆಲೆಯೂರಿದರು. ಇವರು ಪ್ರಾಟೆಸ್ಟಂಟರು, ಕೆಥೋಲಿಕರಲ್ಲ. ಆದರೂ ಸರಕಾರದೊಡನೆ ಇಬ್ಬರ ಶಾಲೆಗಳಿಗೂ ಇದ್ದ ಸಂಬಂಧ ಒಂದೇ ಬಗೆಯದು. 1854ರ ವುಡ್ಡರ ನಿರೂಪವು ಖಾಸಗಿ ಶಾಲೆಗಳಿಗೆ ಸಹಾಯಧನವನ್ನು ಒದಗಿಸುವಾಗ ಲೌಕಿಕ ಶಿಕ್ಷಣವನ್ನು ಮಾತ್ರವೇ ಗಣನೆಗೆ ತೆಗೆದುಕೊಳ್ಳಬೇಕೆಂದು ವಿಧಿಸಿತು. 1882ರಲ್ಲಿ ನೇಮಕವಾದ ಹಂಟರ್ ಆಯೋಗವು ಪ್ರಾಥಮಿಕ ಶಾಲೆಗಳಲ್ಲಿ ಪ್ರಕೃತಿವಿಜ್ಞಾನದ ಮೂಲತತ್ತ್ವಗಳನ್ನೂ, ಬೇಸಾಯ, ಆರೋಗ್ಯ ಮತ್ತು ಕೈಗಾರಿಕೆಗಳಿಗೆ ಅವುಗಳ ಅನ್ವಯವನ್ನೂ ಕಲಿಸಬೇಕೆಂದು ಸಲಹೆ ಮಾಡಿತು. ಆದರೆ ಅದೇ ಆಯೋಗವು ಪರೀಕ್ಷೆಯ ಫಲಾನುಸಾರವಾಗಿ ಅನುದಾನ ಕೊಡುವ ಪದ್ಧತಿಯನ್ನೂ ಅನುಮೋದಿಸಿತು. ಹಣವು ಪರೀಕ್ಷೆಯನ್ನು ಅವಲಂಬಿಸಿದಾಗ ಉಪಾಧ್ಯಾಯನು ವಸ್ತುವನ್ನು ಬಿಟ್ಟು ಉತ್ತರವನ್ನು ಕಲಿಸುವುದು ಅನಿವಾರ್ಯ. ಆ ಪದ್ಧತಿ ಅಳಿದಿದೆ, ಅದರ ಅಭ್ಯಾಸ ಅಳಿದಿಲ್ಲ.

ಇನ್ನು ಮತದ ವಿಷಯ. ಸಂವಿಧಾನದ 30ನೆಯ ಅನುಚ್ಛೇದವು ಅಲ್ಪಸಂಖ್ಯಾತರಿಗೆ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. 28ನೆಯದು ಸರಕಾರದ ಮನ್ನಣೆ ಅಥವಾ ಸಹಾಯ ಪಡೆದ ಶಾಲೆಗಳಲ್ಲಿ ಪಾಲಕರ ಸಮ್ಮತಿಯಿಲ್ಲದೆ ಮಕ್ಕಳನ್ನು ಮತಬೋಧೆಗೆ ಕೂಡಿಸಲಾಗದೆಂದು ವಿಧಿಸಿದೆ. ಕೆಥೋಲಿಕ್ ಧರ್ಮಸಭೆಯೂ 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ವಿಜ್ಞಾನಗಳ ನ್ಯಾಯವಾದ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು. ಅದಕ್ಕೆ ನೂರು ವರ್ಷಗಳ ಹಿಂದೆಯೇ, 1865ರಲ್ಲಿ, ಬಟಾಣಿ ಗಿಡಗಳಿಂದ ಅನುವಂಶಿಕತೆಯ ನಿಯಮಗಳನ್ನು ಕಂಡು ಮಂಡಿಸಿದ ಮೆಂಡೆಲನು ಕೆಥೋಲಿಕ್ ಸಂನ್ಯಾಸಿಯಾಗಿದ್ದನಲ್ಲದೆ, ಆಗ ಬ್ರುನ್ ನಗರದ ಶಾಲೆಯೊಂದರಲ್ಲಿ ವಿಜ್ಞಾನವನ್ನು ಬೋಧಿಸುತ್ತಿದ್ದನು.

ಹಾಗಾದರೆ ಪಾಠವು ಹೇಗಿರಬೇಕು? ಗುಳೇದಗುಡ್ಡದ ಖಣವನ್ನು ನೇಯುವ ಮನೆಯ ಮಗುವಿಗೆ ಹಾಸು, ಹೊಕ್ಕು, ಲಾಳಿಗಳು ಚಿರಪರಿಚಿತ. ಹತ್ತಿಯ ಎಳೆಯೊಂದನ್ನು, ರೇಶಿಮೆಯ ಎಳೆಯೊಂದನ್ನು ಉಪಾಧ್ಯಾಯನೇ ದೀಪಕ್ಕೆ ಹಿಡಿದು ತೋರಿಸಲಿ. ಮೊದಲನೆಯದು ಕಾಗದದಂತೆ ಉರಿಯುತ್ತದೆ. ಎರಡನೆಯದು ಕೂದಲು ಸುಟ್ಟಂತೆ ನಾರುತ್ತದೆ. ಒಂದು ಗಿಡದಿಂದಲೂ ಇನ್ನೊಂದು ಹುಳುವಿನಿಂದಲೂ ಬಂದುದೆಂಬುದನ್ನು ಮಗು ಆಗ ಮೂಗಿನಿಂದಲೇ ಅರಿಯುತ್ತದೆ. ಮಗ್ಗದ ಕಾಲುಮಣೆಯಲ್ಲಿ ಸನ್ನೆಯ ತತ್ತ್ವವಿದೆ. ಇವು ಯಾವುದಕ್ಕೂ ಪ್ರಯೋಗಶಾಲೆ ಬೇಕಿಲ್ಲ.

"ಹುಳುವನ್ನು ಮಾಡಿದವರು ಯಾರು?" ಎಂದು ಮಗು ಕೇಳಿದರೆ ಉಪಾಧ್ಯಾಯನು ಅಳುಕಬೇಕಾಗಿಲ್ಲ. ಹುಳು ನೂಲನ್ನು ಹೇಗೆ ಸುತ್ತುತ್ತದೆಂಬುದನ್ನು ನೋಡಿ ಪರೀಕ್ಷಿಸಬಹುದು. ಅದನ್ನು ಮಾಡಿದವರಾರೆಂಬುದಕ್ಕೆ ಅಂಥ ಪರೀಕ್ಷೆಯಿಲ್ಲ. ಈ ಭೇದವನ್ನು ತಿಳಿಸುವುದೇ ವಿಜ್ಞಾನಬೋಧೆಯ ಮೊದಲ ಮೆಟ್ಟಿಲು. ಅದನ್ನು ತಪ್ಪಿಸಿ ಉತ್ತರಗಳನ್ನಷ್ಟೇ ಒಪ್ಪಿಸುವ ಶಾಲೆಯು, ಮತದವರದಿರಲಿ ಸರಕಾರದ್ದಿರಲಿ, ನೇಕಾರನ ಮಗುವಿಗೆ ಅದರ ಮನೆಯ ವಿದ್ಯೆಯು ವಿದ್ಯೆಯೇ ಅಲ್ಲವೆಂದು ಕಲಿಸಿ ಕಳುಹಿಸುತ್ತದೆ.