ಸಂತ ಲೂಕರ ಹಬ್ಬ: ಜೋಳಿಗೆ ಬೇಡವೇ, ಬೇಕೇ?



ಅಕ್ಟೋಬರ್ 18 ಶುಭಸಂದೇಶಕಾರ ಸಂತ ಲೂಕರ ಹಬ್ಬ. ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಅವರನ್ನು ವೈದ್ಯರೆಂದೇ ಕರೆದಿದ್ದಾರೆ. ಧರ್ಮಸಭೆಯೂ ಅವರನ್ನು ವೈದ್ಯರ ಪಾಲಕ ಸಂತರೆಂದು ಗೌರವಿಸುತ್ತದೆ. ಆ ದಿನದ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ಲೂಕರ ಹತ್ತನೆಯ ಅಧ್ಯಾಯದ್ದು. ಪ್ರಭು ಯೇಸು ಎಪ್ಪತ್ತೆರಡು ಮಂದಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸುತ್ತಾರೆ. ಹಣದ ಚೀಲ ಬೇಡ, ಜೋಳಿಗೆ ಬೇಡ, ಹೋದ ಮನೆಯಲ್ಲಿ ಬಡಿಸಿದ್ದನ್ನು ಉಣ್ಣಿ, ರೋಗಿಗಳನ್ನು ಗುಣಪಡಿಸಿ ಎನ್ನುತ್ತಾರೆ.

ಹಿರೇನಲ್ಲೂರು, ಕಡೂರು ಕಡೆಯ ಕುಟುಂಬಗಳ ಮಕ್ಕಳು ನರ್ಸಿಂಗ್ ಓದಿ ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ. ದೂರದ ದೇಶದಲ್ಲಿ ಭೂಮಿ ನಡುಗಿದ ಸುದ್ದಿ ಟಿ.ವಿ.ಯಲ್ಲಿ ಬಂದಾಗ, "ಫಾದರ್, ನಾನೂ ಹೋಗಲೇ?" ಎಂದು ಕೇಳುವ ಹೃದಯ ಅವರದು. ಏನೂ ಇಲ್ಲದೆ ಹೊರಡಿ ಎಂದು ಪ್ರಭುವೇ ಹೇಳಿರುವಾಗ ಹೊರಡಬಾರದೇಕೆ? ಪ್ರಶ್ನೆ ನ್ಯಾಯವಾದದ್ದೇ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾಗಿ ಸುಮಾರು ಒಂಬತ್ತು ಸಾವಿರ ಜನ ಪ್ರಾಣ ಕಳೆದುಕೊಂಡರು. ಭಾರತದ ಧರ್ಮಾಧ್ಯಕ್ಷರ ಮಂಡಳಿ 1963ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದಲೂ ತಂಡ ಹೋಗಿತ್ತು. 2001ರ ಗುಜರಾತ್ ಭೂಕಂಪದಲ್ಲಿ ಸೇವೆ ಸಲ್ಲಿಸಿದ ಅನುಭವ ಆ ಸಂಸ್ಥೆಗಿತ್ತು. ಕಠ್ಮಂಡು ವಿಮಾನ ನಿಲ್ದಾಣದಲ್ಲಿದ್ದುದು ಒಂದೇ ರನ್‌ವೇ. ಗುಡಾರ, ಔಷಧಿ, ಅಕ್ಕಿ, ರಕ್ಷಣಾ ತಂಡ ಎಲ್ಲಕ್ಕೂ ಅದೇ ದಾರಿ. ಅಂಥಲ್ಲಿ ಯಾರೂ ಕರೆಯದೆ, ಮಲಗಲು ಹಾಸಿಗೆಯನ್ನೂ ಕುಡಿಯಲು ನೀರನ್ನೂ ತಾರದೆ ಇಳಿದವರು ಗಾಯಾಳುಗಳ ಪಾಲಿನಲ್ಲೇ ಪಾಲು ಕೇಳಬೇಕಾಗುತ್ತದೆ. ಬರದ ವರ್ಷ, ರಾಗಿ ಕಣಜ ಬರಿದಾದ ಮನೆಗೆ ಹತ್ತು ಜನ ನೆಂಟರು ಬಂದಿಳಿದರೆ ಮನೆಯಾಕೆಯ ಪಾಡೇನೆಂದು ಕಡೂರು ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಈ ಪಾಠವನ್ನು ಲೋಕ ಕಲಿತದ್ದು ಹೈಟಿಯಲ್ಲಿ. 2010ರ ಜನವರಿ 12ರ ಭೂಕಂಪದಲ್ಲಿ ಆ ಕ್ಯಾಥೋಲಿಕ ದೇಶದ ರಾಜಧಾನಿಯ ಪ್ರಧಾನ ದೇವಾಲಯ ಕುಸಿಯಿತು, ಮಹಾಧರ್ಮಾಧ್ಯಕ್ಷರೂ ಮಡಿದರು. ಎಲ್ಲೆಡೆಯಿಂದ ವೈದ್ಯರು ಧಾವಿಸಿದರು. ಆದರೆ ಕೆಲವು ತಂಡಗಳು ಕೈಕಾಲು ಕತ್ತರಿಸಿ, ಸರಿಯಾದ ದಾಖಲೆಯನ್ನೂ ಬಿಡದೆ ಹೊರಟುಹೋದವು. ಮುಂದೆ ಆ ರೋಗಿಯ ಗಾಯ ನೋಡುವವರಾರು, ಕೃತಕ ಕಾಲು ಕೊಡುವವರಾರು? ಹೀಗಾಗಿ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರದೇಶದ ವೈದ್ಯಕೀಯ ತಂಡಗಳಿಗೆ ಕನಿಷ್ಠ ಮಟ್ಟವನ್ನು ನಿಗದಿಪಡಿಸಿತು. ತಂಡ ಆ ದೇಶದ ಆರೋಗ್ಯ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು, ತನ್ನ ಅನ್ನ, ನೀರು, ವಸತಿ, ವಿದ್ಯುತ್ ತಾನೇ ಹೊತ್ತೊಯ್ಯಬೇಕು. ಶಸ್ತ್ರಚಿಕಿತ್ಸೆ ಮಾಡುತ್ತೇವೆ ಎನ್ನುವ ತಂಡಕ್ಕೆ ಕಡಿಮೆಯೆಂದರೂ 20 ಹಾಸಿಗೆ, ದಿನಕ್ಕೆ ಏಳು ದೊಡ್ಡ ಶಸ್ತ್ರಚಿಕಿತ್ಸೆ ಮಾಡುವ ಶಕ್ತಿ ಇರಬೇಕು. 2023ರ ಫೆಬ್ರವರಿ 6ರಂದು ಟರ್ಕಿ ನಡುಗಿದಾಗ ನಮ್ಮ ಸೈನ್ಯದ ವೈದ್ಯಕೀಯ ತಂಡ ಮರುದಿನವೇ ಹೊರಟು, ಇಸ್ಕೆಂದರೂನ್ ಪಟ್ಟಣದಲ್ಲಿ 30 ಹಾಸಿಗೆಗಳ ಆಸ್ಪತ್ರೆ ತೆರೆಯಿತು. ಎಕ್ಸ್-ರೇ ಯಂತ್ರ, ವೆಂಟಿಲೇಟರ್ ಎಲ್ಲವೂ ಅವರೊಂದಿಗೇ ಹೋಗಿದ್ದವು. ಮೊದಲೇ ಕಟ್ಟಿಟ್ಟ ಗಂಟಿಲ್ಲದಿದ್ದರೆ ಒಂದೇ ದಿನದಲ್ಲಿ ಹೊರಡಲಾದೀತೇ?

ಸಾಮಗ್ರಿಯಷ್ಟೇ ಸಾಲದು, ತರಬೇತಿ ಬೇಕು. ಗೋಡೆಯಡಿ ಒಬ್ಬನ ಕಾಲು ಗಂಟೆಗಟ್ಟಲೆ ಸಿಕ್ಕಿಕೊಂಡಿದೆ ಎನ್ನಿ. ಕಂಡವರೆಲ್ಲ ಮೊದಲು ಕಲ್ಲು ಎತ್ತಲು ಓಡುತ್ತಾರೆ. ಕಲ್ಲು ಎತ್ತಿದೊಡನೆ, ಜಜ್ಜಿದ ಮಾಂಸಖಂಡದಲ್ಲಿದ್ದ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯವನ್ನೇ ನಿಲ್ಲಿಸಬಹುದು. ಬದುಕಿದರೂ ಮೂತ್ರಪಿಂಡ ಕೆಡುವ ಅಪಾಯವಿದೆ. ಸಲೈನ್ ಹಾಕುವುದು ನರ್ಸ್‌ಗೆ ನಿತ್ಯದ ಕೆಲಸ. ಕಲ್ಲು ಎತ್ತುವ ಮೊದಲೇ ಅದನ್ನು ಹಾಕಬೇಕೆಂಬುದು ಮಾತ್ರ ಕಲಿತವರಿಗೇ ಹೊಳೆಯುತ್ತದೆ. ತಂಡಕ್ಕೆ ವೈದ್ಯರು, ನರ್ಸ್‌ಗಳಷ್ಟೇ ಅಲ್ಲ, ಜನರೇಟರ್ ಸರಿಪಡಿಸುವವರು, ಅಡುಗೆಯವರು, ಆ ಭಾಷೆ ಬಲ್ಲವರು, ಔಷಧಿಯ ಲೆಕ್ಕ ಇಡುವವರೂ ಬೇಕು. ಐ.ಟಿ.ಐ. ಮುಗಿಸಿದ ನಮ್ಮ ಹುಡುಗರಿಗೂ ಇಲ್ಲಿ ಕೆಲಸವಿದೆ.

ಹಾಗಾದರೆ ಪ್ರಭುವಿನ ಮಾತು? ಅದೇ ಹತ್ತನೆಯ ಅಧ್ಯಾಯವನ್ನು ಮುಂದೆ ಓದಿ. ದಯಾವಂತ ಸಮಾರ್ಯನು ಬರುತ್ತಾನೆ. ಅವನ ಬಳಿ ಎಣ್ಣೆಯಿತ್ತು, ದ್ರಾಕ್ಷಾರಸವಿತ್ತು, ವಾಹನವಿತ್ತು, ಛತ್ರದವನಿಗೆ ಕೊಡಲು ಎರಡು ಬೆಳ್ಳಿ ನಾಣ್ಯಗಳಿದ್ದವು. ಗಾಯಾಳುವನ್ನು ಛತ್ರದವನ ವಶಕ್ಕೆ ಒಪ್ಪಿಸಿ, ಮುಂದಿನ ಖರ್ಚಿನ ಹೊಣೆಯನ್ನೂ ಹೊತ್ತೇ ಅವನು ಹೊರಟದ್ದು. ಇಪ್ಪತ್ತೆರಡನೆಯ ಅಧ್ಯಾಯದಲ್ಲಂತೂ ಪ್ರಭುವೇ, ಹಣದ ಚೀಲವಿದ್ದವನು ಈಗ ಅದನ್ನು ತೆಗೆದುಕೊಳ್ಳಲಿ, ಜೋಳಿಗೆಯನ್ನೂ ತೆಗೆದುಕೊಳ್ಳಲಿ ಎಂದಿದ್ದಾರೆ. ಪಂಡಿತರು ಇದಕ್ಕೆ ಬೇರೆ ಬೇರೆ ಅರ್ಥ ಹೇಳುತ್ತಾರೆ. ನನಗೆ ತೋರುವುದಿಷ್ಟು: ಬಡಿಸುವವರಿರುವ ಮನೆಗೆ ಬರಿಗೈಯಲ್ಲಿ ಹೋಗುವುದು ವಿಶ್ವಾಸ. ಮನೆಯೇ ಬಿದ್ದುಹೋದಲ್ಲಿಗೆ ಹೋಗುವವರು ಬುತ್ತಿ ಕಟ್ಟಿಕೊಂಡೇ ಹೋಗಬೇಕು.

ಹೋಗಬಯಸುವ ಮಗಳು ಈಗಲೇ ತನ್ನ ಆಸ್ಪತ್ರೆಯಲ್ಲಿ ವಿಚಾರಿಸಿ, ತಂಡವಿದ್ದರೆ ಹೆಸರು ಕೊಡಲಿ. ಪಾಸ್‌ಪೋರ್ಟ್ ಮಾಡಿಸಿಕೊಳ್ಳಲಿ, ಧನುರ್ವಾಯು, ಹೆಪಟೈಟಿಸ್ ಲಸಿಕೆಗಳನ್ನು ಮುಗಿಸಲಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಚುಚ್ಚುಮದ್ದುಗಳಿಗೇ ಸಾಮಾನ್ಯವಾಗಿ ಆರು ತಿಂಗಳು ಹಿಡಿಯುತ್ತದೆ. ತಂದೆತಾಯಿಯರೂ ಈಗಲೇ ಮಾತಾಡಿಕೊಂಡು ಒಪ್ಪಿಗೆ ಕೊಡುವುದು ಒಳ್ಳೆಯದು. ಹೊರಡುವ ರಾತ್ರಿ ಅಳುತ್ತಾ ತಡೆದರೆ ತಂಡಕ್ಕೇ ಒಬ್ಬರು ಕಡಿಮೆಯಾಗುತ್ತಾರೆ. ಹೆಸರು ಕೊಟ್ಟವರೆಲ್ಲರಿಗೂ ಕರೆ ಬರುವುದಿಲ್ಲ. ತಂಡ ಹೋದ ಮೇಲೆ ಇಲ್ಲಿನ ವಾರ್ಡಿನಲ್ಲಿ ಅವರ ಪಾಳಿಯನ್ನೂ ಸೇರಿಸಿ ದುಡಿಯುವವರು ಬೇಕಲ್ಲ! ಹಬ್ಬದ ದಿನ ವಿಶ್ವಾಸಿಗಳ ಪ್ರಾರ್ಥನೆ ಸಿದ್ಧಪಡಿಸುವವರು ಅವರನ್ನೂ ಒಂದು ಸಾಲಿನಲ್ಲಿ ಸೇರಿಸಿಕೊಳ್ಳಿ.