ಡಾ ನಾಂಗ್‌ಗೆ ಗಾಲ್ಫ್ ಪ್ರವಾಸವೇ? ಟಿಕೆಟ್‌ಗಿಂತ ಮೊದಲು ಕ್ಯಾಲೆಂಡರ್ ನೋಡಿ

ದಸರಾ ರಜೆ, ಅದರ ಬೆನ್ನಿಗೇ ದೀಪಾವಳಿ. ಮಧ್ಯೆ ನಾಲ್ಕು ದಿನ ರಜೆ ಹಾಕಿದರೆ ಪೂರ್ತಿ ಒಂದು ವಾರ ಕೈಗೆ ಸಿಗುತ್ತದೆ. ಗಾಲ್ಫ್ ಆಡುವ ಎಂಟು ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಒಬ್ಬರು ವಿಯೆಟ್ನಾಂನ ಡಾ ನಾಂಗ್ ನಗರದ ಫೋಟೊ ಹಾಕುತ್ತಾರೆ. ನೀಲಿ ಸಮುದ್ರ, ಬಿಳಿ ಮರಳು, ಹಸಿರು ಹುಲ್ಲಿನ ಮೇಲೆ ಹೊಳೆಯುವ ಬಿಸಿಲು. ಅಕ್ಟೋಬರ್ ಕೊನೆಯ ವಾರಕ್ಕೆ ಹೋಟೆಲ್ ದರವೂ ಇಳಿದಿದೆ. ಎಲ್ಲರೂ ಒಪ್ಪುತ್ತಾರೆ, ಮುಂಗಡ ಹಣವೂ ಸಂದಾಯವಾಗುತ್ತದೆ.

ಹೋಟೆಲ್ ದರ ಏಕೆ ಇಳಿದಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಉತ್ತರ ಸರಳ. ಅಕ್ಟೋಬರ್ ಮತ್ತು ನವೆಂಬರ್ ಡಾ ನಾಂಗ್‌ನಲ್ಲಿ ವರ್ಷದ ಅತಿ ಹೆಚ್ಚು ಮಳೆ ಸುರಿಯುವ ತಿಂಗಳುಗಳು. ಚಂಡಮಾರುತಗಳು ಬರುವುದೂ ಆಗಲೇ. ಸಾಮಾನ್ಯ ಪ್ರವಾಸಿಗರಾದರೆ ಮಳೆ ಬಂದಾಗ ಮ್ಯೂಸಿಯಂ ನೋಡಬಹುದು, ಕಾಫಿ ಕುಡಿಯುತ್ತಾ ಕೂರಬಹುದು. ಗಾಲ್ಫ್ ಆಡಲೆಂದೇ ಹೋದವರಿಗೆ ಮಳೆ ಎಂದರೆ ಪ್ರವಾಸದ ಉದ್ದೇಶವೇ ಕೊಚ್ಚಿಹೋದಂತೆ. ಹಾಗಾಗಿ ಇಲ್ಲಿಗೆ ಪ್ರವಾಸ ಯೋಜಿಸುವಾಗ ಮೊದಲು ಗೊತ್ತು ಮಾಡಬೇಕಾದದ್ದು ವಿಮಾನವನ್ನಲ್ಲ, ತಿಂಗಳನ್ನು. ಆಮೇಲೆ ಗಾಲ್ಫ್ ಕೋರ್ಸ್, ಆಮೇಲೆ ವಿಮಾನ, ಕೊನೆಗೆ ಹೋಟೆಲ್. ಈ ಕ್ರಮ ಏಕೆ ಮುಖ್ಯ? ಇಲ್ಲಿದೆ ವಿವರ.

ಮುಂಬೈ ಮಳೆ ಬೇರೆ, ಚೆನ್ನೈ ಮಳೆ ಬೇರೆ

ಮುಂಬೈ, ಪುಣೆಯ ಕನ್ನಡಿಗರಿಗೆ ಮಳೆಗಾಲ ಎಂದರೆ ಜೂನ್‌ನಿಂದ ಸೆಪ್ಟೆಂಬರ್. ಚೆನ್ನೈ ಕನ್ನಡಿಗರ ಲೆಕ್ಕ ಬೇರೆ. ಅಲ್ಲಿ ಛತ್ರಿ ಹೊರಬರುವುದು ಅಕ್ಟೋಬರ್, ನವೆಂಬರ್‌ನಲ್ಲಿ, ಈಶಾನ್ಯ ಮಾರುತ ಬೀಸಿದಾಗ. ಡಾ ನಾಂಗ್ ಚೆನ್ನೈನ ಲೆಕ್ಕಕ್ಕೆ ಸೇರಿದ ನಗರ.

ವಿಯೆಟ್ನಾಂನ ಪಶ್ಚಿಮದ ಅಂಚಿನಲ್ಲಿ ಅನ್ನಮೈಟ್ ಪರ್ವತ ಶ್ರೇಣಿ ಉದ್ದಕ್ಕೂ ಹಬ್ಬಿದೆ. ನೈಋತ್ಯ ಮಾರುತದ ಮೋಡಗಳು ಈ ಬೆಟ್ಟಗಳ ಆಚೆ ಬದಿಯಲ್ಲೇ ಬಹುಪಾಲು ಮಳೆ ಸುರಿಸಿಬಿಡುತ್ತವೆ. ಸಹ್ಯಾದ್ರಿ ದಾಟಿದ ಮೇಲೆ ಪುಣೆಯ ಕಡೆ ಮಳೆ ಕಡಿಮೆಯಾಗುವ ಹಾಗೆಯೇ ಇದು. ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಡಾ ನಾಂಗ್ ಒಣಗಿರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಗಾಳಿ ದಿಕ್ಕು ಬದಲಿಸುತ್ತದೆ. ಸಮುದ್ರದಿಂದ ತೇವ ಹೊತ್ತು ತರುವ ಈಶಾನ್ಯ ಗಾಳಿ ಅದೇ ಬೆಟ್ಟಗಳಿಗೆ ಬಡಿದು ಕರಾವಳಿಯ ಮೇಲೆ ಮಳೆ ಸುರಿಸುತ್ತದೆ. 2020ರ ಅಕ್ಟೋಬರ್‌ನಲ್ಲಿ ಮಧ್ಯ ವಿಯೆಟ್ನಾಂ ಸಾಲು ಸಾಲು ಚಂಡಮಾರುತಗಳಿಂದ ಭಾರಿ ಪ್ರವಾಹ ಕಂಡಿತ್ತು. 2025ರ ಅಕ್ಟೋಬರ್ ಕೊನೆಯಲ್ಲೂ ಪಕ್ಕದ ಹೋಯಿ ಆನ್ ಪಟ್ಟಣದ ಬೀದಿಗಳಲ್ಲಿ ದೋಣಿ ಓಡಿದವು.

ಗೊಂದಲ ಹುಟ್ಟುವುದು ಇನ್ನೊಂದು ಕಡೆಯಿಂದ. 'ವಿಯೆಟ್ನಾಂಗೆ ಹೋಗಲು ನವೆಂಬರ್ ಒಳ್ಳೆಯ ಕಾಲ' ಎಂಬ ಸಲಹೆ ಹಲವು ಕಡೆ ಸಿಗುತ್ತದೆ. ದಕ್ಷಿಣದ ಹೋ ಚಿ ಮಿನ್ ಸಿಟಿ, ಉತ್ತರದ ಹನೋಯಿಗೆ ಅದು ಸರಿ. ಮಧ್ಯದ ಡಾ ನಾಂಗ್‌ಗೆ ಅದೇ ಸಲಹೆ ತಲೆಕೆಳಗು.

ಹಾಗಾದರೆ ಯಾವ ತಿಂಗಳು?

ಫೆಬ್ರವರಿ ಕೊನೆಯಿಂದ ಮೇ ವರೆಗಿನ ಅವಧಿ ಗಾಲ್ಫ್‌ಗೆ ಹೇಳಿ ಮಾಡಿಸಿದಂತಿದೆ. ಮಳೆ ಕಡಿಮೆ, ಬಿಸಿಲು ತಡೆದುಕೊಳ್ಳುವಷ್ಟು. ಮಕ್ಕಳ ಬೇಸಿಗೆ ರಜೆಯೂ ಏಪ್ರಿಲ್, ಮೇನಲ್ಲೇ ಬರುವುದರಿಂದ ಕುಟುಂಬ ಸಮೇತ ಹೊರಡುವವರಿಗೆ ಇದು ಅನುಕೂಲ.

ಜೂನ್‌ನಿಂದ ಆಗಸ್ಟ್ ವರೆಗೆ ಆಟಕ್ಕೆ ಅಡ್ಡಿಯಿಲ್ಲ, ಆದರೆ ಸೆಖೆ ಜೋರು. ತಾಪಮಾನ 35 ಡಿಗ್ರಿ ದಾಟುವುದು ಸಾಮಾನ್ಯ. ಬೆಳಗ್ಗೆ 6ರ ಸುಮಾರಿಗೆ ಆಟ ಆರಂಭಿಸಿ 11ರೊಳಗೆ ಮುಗಿಸುವುದು ಜಾಣತನ. ಡಿಸೆಂಬರ್, ಜನವರಿಯಲ್ಲಿ ಹವೆ ತಂಪು, ಮೋಡ ಮತ್ತು ತುಂತುರು ಮಳೆ ಇರುತ್ತದೆ. ಆಗ ತಮ್ಮ ದೇಶದ ಕೊರೆಯುವ ಚಳಿಯಿಂದ ತಪ್ಪಿಸಿಕೊಂಡು ದಕ್ಷಿಣ ಕೊರಿಯಾದ ಗಾಲ್ಫ್ ಆಟಗಾರರು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬರುತ್ತಾರೆ. ಹೀಗಾಗಿ ಒಳ್ಳೆಯ ಸಮಯದ ಸ್ಲಾಟ್‌ಗಳು ಬೇಗ ಭರ್ತಿಯಾಗುತ್ತವೆ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ಚಾಂದ್ರಮಾನ ಹೊಸ ವರ್ಷ 'ಟೆಟ್' ಸಮಯದಲ್ಲಿ ದರ ಏರುತ್ತದೆ, ಅನೇಕ ಅಂಗಡಿಗಳು ಮುಚ್ಚಿರುತ್ತವೆ. ಆ ವಾರ ಬಿಟ್ಟುಬಿಡುವುದೇ ಒಳ್ಳೆಯದು.

ಯಾವ ಕೋರ್ಸ್, ಯಾರಿಗೆ?

ನಗರದಿಂದ ಹೋಯಿ ಆನ್ ಕಡೆಗೆ ಹೋಗುವ ಕಡಲತೀರದ ರಸ್ತೆಯಲ್ಲೇ ಎರಡು ಹೆಸರಾಂತ ತಾಣಗಳಿವೆ. ಸ್ಕಾಟ್ಲೆಂಡ್‌ನ ಆಟಗಾರ ಕಾಲಿನ್ ಮಾಂಟ್‌ಗೊಮೆರಿ ವಿನ್ಯಾಸಗೊಳಿಸಿದ ಮಾಂಟ್‌ಗೊಮೆರಿ ಲಿಂಕ್ಸ್ ಒಂದು. ಆಸ್ಟ್ರೇಲಿಯಾದ ಗ್ರೆಗ್ ನಾರ್ಮನ್ ವಿನ್ಯಾಸದ ಕೋರ್ಸ್ ಇರುವ ಬಿಆರ್‌ಜಿ ಡಾ ನಾಂಗ್ ಇನ್ನೊಂದು. ಇಲ್ಲಿ ಮರಳು ದಿಬ್ಬಗಳ ನಡುವೆ ಆಟ. ಸಮುದ್ರದ ಗಾಳಿಯೇ ಇಲ್ಲಿನ ಮುಖ್ಯ ಎದುರಾಳಿ.

ಹೋಯಿ ಆನ್‌ನಿಂದ ದಕ್ಷಿಣಕ್ಕೆ ರಾಬರ್ಟ್ ಟ್ರೆಂಟ್ ಜೋನ್ಸ್ ಜೂನಿಯರ್ ವಿನ್ಯಾಸದ ಹೋಯಿಯಾನಾ ಶೋರ್ಸ್ ಇದೆ. ನಗರದ ಪಶ್ಚಿಮಕ್ಕೆ ಬೆಟ್ಟದ ಬುಡದಲ್ಲಿ, ಒಮ್ಮೆ ವಿಶ್ವದ ನಂಬರ್ ಒನ್ ಆಗಿದ್ದ ಲ್ಯೂಕ್ ಡೊನಾಲ್ಡ್ ರೂಪಿಸಿದ ಬಾ ನಾ ಹಿಲ್ಸ್ ಕೋರ್ಸ್ ಇದೆ. ಉತ್ತರಕ್ಕೆ ಹೈ ವಾನ್ ಕಣಿವೆ ದಾರಿಯ ಆಚೆ, ನಿಕ್ ಫಾಲ್ಡೊ ವಿನ್ಯಾಸದ ಲಗುನಾ ಲಾಂಗ್ ಕೋ ಸಿಗುತ್ತದೆ. ಈ ಕೋರ್ಸ್‌ನ ಒಳಗೇ ಭತ್ತದ ಗದ್ದೆಗಳಿವೆ, ಎಮ್ಮೆಗಳು ಮೇಯುತ್ತಿರುತ್ತವೆ.

ಈಗಷ್ಟೇ ಆಟ ಕಲಿತವರು ಎಲ್ಲ ಐದನ್ನೂ ಮುಗಿಸಬೇಕೆಂದು ಹಟ ಹಿಡಿಯಬೇಕಿಲ್ಲ. ಐದು ರಾತ್ರಿಗಳ ಪ್ರವಾಸಕ್ಕೆ ಮೂರು ಸುತ್ತು ಸಾಕು. ಒಂದು ಸುತ್ತು ಎಂದರೆ 18 ಕುಳಿಗಳು, ನಾಲ್ಕರಿಂದ ಐದು ಗಂಟೆ. ಬಿಸಿಲಲ್ಲಿ ಸತತ ಮೂರು ದಿನ ಆಡಿದರೆ ನಾಲ್ಕನೇ ದಿನ ಬೆನ್ನು ಉತ್ತರ ಹೇಳುತ್ತದೆ.

ಟೀ ಟೈಮ್ ಲೆಕ್ಕ

ಕೋರ್ಸ್‌ನಲ್ಲಿ ಆಟ ಆರಂಭಿಸಲು ನಿಮ್ಮ ತಂಡಕ್ಕೆ ನೀಡುವ ನಿಗದಿತ ಸಮಯವೇ ಟೀ ಟೈಮ್. ಒಂದು ತಂಡದಲ್ಲಿ ಗರಿಷ್ಠ ನಾಲ್ವರು. ಎಂಟು ಮಂದಿ ಇದ್ದರೆ ಬೆನ್ನುಬೆನ್ನಿಗೆ ಎರಡು ಟೀ ಟೈಮ್ ಬೇಕು. ಹೋಟೆಲ್ ರೂಮ್ ಹೇಗಾದರೂ ಸಿಗುತ್ತದೆ, ಬೆಳಗಿನ ತಂಪಿನ ಟೀ ಟೈಮ್ ಹಾಗಲ್ಲ. ಅದಕ್ಕೇ ವಿಮಾನ ಬುಕ್ ಮಾಡುವ ಮೊದಲೇ ಇದನ್ನು ಖಚಿತಪಡಿಸಿಕೊಳ್ಳಬೇಕು. ವಾರಾಂತ್ಯಕ್ಕಿಂತ ವಾರದ ದಿನಗಳಲ್ಲಿ ಶುಲ್ಕ ಕಡಿಮೆ.

ದರ ಕೇಳುವಾಗ ನಾಲ್ಕು ಪ್ರಶ್ನೆಗಳನ್ನು ಮರೆಯಬೇಡಿ. ಒಂದು, ಆಟದ ಶುಲ್ಕದಲ್ಲಿ ಕ್ಯಾಡಿ ಮತ್ತು ಗಾಲ್ಫ್ ಕಾರ್ಟ್ ಸೇರಿವೆಯೇ? ಎರಡು, ಕಾರ್ಟ್ ಒಬ್ಬರಿಗೋ, ಇಬ್ಬರಿಗೋ? ಮೂರು, ಸಿಡಿಲು ಮಳೆಯಿಂದ ಆಟ ಅರ್ಧಕ್ಕೆ ನಿಂತರೆ ಹಣ ವಾಪಸ್ ಬರುತ್ತದೆಯೇ ಅಥವಾ ಇನ್ನೊಂದು ದಿನ ಆಡಲು ಅವಕಾಶವಿದೆಯೇ? ನಾಲ್ಕು, ರದ್ದು ಮಾಡಲು ಕೊನೆಯ ದಿನ ಯಾವುದು? ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ.

ವಿಯೆಟ್ನಾಂನ ಬಹುತೇಕ ಕೋರ್ಸ್‌ಗಳಲ್ಲಿ ಕ್ಯಾಡಿ ಕಡ್ಡಾಯ. ಹೆಚ್ಚಿನವರು ಮಹಿಳೆಯರು. ಬಿಸಿಲಿಗೆ ಮುಖ, ಕೈ ಪೂರ್ತಿ ಮುಚ್ಚಿಕೊಂಡು ಐದು ಗಂಟೆ ನಿಮ್ಮ ಜೊತೆ ನಡೆಯುತ್ತಾರೆ, ಗಾಳಿಯ ದಿಕ್ಕು, ಹುಲ್ಲಿನ ಇಳಿಜಾರು ಹೇಳುತ್ತಾರೆ. ಆಟದ ಕೊನೆಗೆ ನಗದು ಟಿಪ್ಸ್ ಕೊಡುವುದು ರೂಢಿ. ಎಷ್ಟು ಕೊಡಬೇಕೆಂದು ಕೌಂಟರ್‌ನಲ್ಲೇ ಕೇಳಿ ತಿಳಿದುಕೊಳ್ಳಿ. ಇದನ್ನು ಕೊನೆಯ ಗಳಿಗೆಯ ಚೌಕಾಶಿ ಮಾಡಬೇಡಿ, ಬಜೆಟ್‌ನಲ್ಲೇ ಸೇರಿಸಿಡಿ.

ನೋಟಿನ ಬಗ್ಗೆಯೂ ಒಂದು ಎಚ್ಚರಿಕೆ. ಒಂದು ರೂಪಾಯಿಗೆ ಹೆಚ್ಚು ಕಡಿಮೆ 300 ಡಾಂಗ್. 20 ಸಾವಿರ ಡಾಂಗ್ ನೋಟು, 5 ಲಕ್ಷ ಡಾಂಗ್ ನೋಟು ಎರಡೂ ನೀಲಿ ಛಾಯೆಯವು. ಮೊದಲನೆಯದು 70 ರೂಪಾಯಿಯ ಆಸುಪಾಸು, ಎರಡನೆಯದು 1,700 ರೂಪಾಯಿಯ ಆಸುಪಾಸು. ಅವಸರದಲ್ಲಿ ಒಂದರ ಬದಲು ಇನ್ನೊಂದು ಕೊಟ್ಟು ಬರುವವರು ಇದ್ದಾರೆ. ಎರಡನ್ನೂ ಬೇರೆ ಬೇರೆ ಜೇಬಿನಲ್ಲಿ ಇಡಿ.

ಅಗ್ಗದ ಟಿಕೆಟ್, ದುಬಾರಿ ಬ್ಯಾಗ್

ಡಾ ನಾಂಗ್‌ಗೆ ಭಾರತದ ಕೆಲವು ನಗರಗಳಿಂದ ನೇರ ವಿಮಾನಗಳಿವೆಯಾದರೂ ವೇಳಾಪಟ್ಟಿ ಆಗಾಗ ಬದಲಾಗುತ್ತದೆ. ಇಲ್ಲವಾದರೆ ಹನೋಯಿ, ಹೋ ಚಿ ಮಿನ್ ಸಿಟಿ, ಬ್ಯಾಂಕಾಕ್, ಸಿಂಗಪುರ ಅಥವಾ ಕೌಲಾಲಂಪುರ ಮೂಲಕ ಹೋಗಬೇಕು. ಕಡಿಮೆ ದರದ ವಿಮಾನ ಸಂಸ್ಥೆಗಳ ಮೂಲ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಕೈಚೀಲಕ್ಕೆ ಮಾತ್ರ ಅವಕಾಶ. ಗಾಲ್ಫ್ ಸ್ಟಿಕ್‌ಗಳನ್ನು ಕ್ಯಾಬಿನ್‌ಗೆ ಬಿಡುವುದಿಲ್ಲ, ಚೆಕ್-ಇನ್ ಮಾಡಲೇಬೇಕು. ಕವರ್ ಸಹಿತ ಗಾಲ್ಫ್ ಬ್ಯಾಗ್ 15 ಕೆಜಿ ದಾಟುವುದು ಸುಲಭ. ಮುಂಚಿತವಾಗಿ ಆನ್‌ಲೈನ್‌ನಲ್ಲಿ ತೂಕ ಖರೀದಿಸದೆ ವಿಮಾನ ನಿಲ್ದಾಣದಲ್ಲಿ ಕಟ್ಟಿದರೆ, ಟಿಕೆಟ್‌ನಲ್ಲಿ ಉಳಿಸಿದ ಹಣ ಅಲ್ಲೇ ಕರಗುತ್ತದೆ.

ಎರಡು ಪ್ರತ್ಯೇಕ ಟಿಕೆಟ್ ತೆಗೆದುಕೊಂಡಿದ್ದರೆ ಮಧ್ಯದ ನಿಲ್ದಾಣದಲ್ಲಿ ಬ್ಯಾಗ್ ಪಡೆದು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಅದಕ್ಕೆ ಆ ದೇಶದ ಪ್ರವೇಶ ನಿಯಮವೂ ಅನ್ವಯಿಸುತ್ತದೆ. ಎರಡು ಮೂರು ಸುತ್ತು ಮಾತ್ರ ಆಡುವವರು ಕೋರ್ಸ್‌ನಲ್ಲೇ ಸೆಟ್ ಬಾಡಿಗೆಗೆ ಪಡೆದು, ಶೂ, ಗ್ಲೌಸ್, ಚೆಂಡುಗಳನ್ನಷ್ಟೇ ಒಯ್ಯುವುದು ಲಾಭವೇ ಎಂದು ಲೆಕ್ಕ ಹಾಕಿ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಗಾಲ್ಫ್ ಬ್ಯಾಗ್‌ನಲ್ಲಿ ಹಾಕಬೇಡಿ, ಅವು ಕೈಚೀಲದಲ್ಲೇ ಇರಬೇಕು.

ಅಲ್ಲಿ ಇಳಿದ ಮೇಲೆ ಆ್ಯಪ್ ಮೂಲಕ ಸಣ್ಣ ಕಾರು ಕರೆದರೆ ನಾಲ್ಕು ಗಾಲ್ಫ್ ಬ್ಯಾಗ್ ಹಿಡಿಸುವುದಿಲ್ಲ. ಎಂಟು ಮಂದಿಯ ತಂಡಕ್ಕೆ ದಿನದ ಬಾಡಿಗೆಗೆ 16 ಸೀಟಿನ ವ್ಯಾನ್ ಸೂಕ್ತ.

ವೀಸಾ: ಹೆಸರೇ ಮುಖ್ಯ

ಭಾರತೀಯರು ವಿಯೆಟ್ನಾಂ ಇ-ವೀಸಾಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. 2023ರ ಆಗಸ್ಟ್ 15ರಿಂದ ಇದರ ಅವಧಿ ಗರಿಷ್ಠ 90 ದಿನ. ಸರ್ಕಾರದ ಶುಲ್ಕ ಒಂದು ಬಾರಿಯ ಪ್ರವೇಶಕ್ಕೆ 25 ಡಾಲರ್, ಬಹುಪ್ರವೇಶಕ್ಕೆ 50 ಡಾಲರ್. ಸರ್ಕಾರಿ ತಾಣವನ್ನೇ ಹೋಲುವ ಖಾಸಗಿ ತಾಣಗಳು ಹೆಚ್ಚು ಹಣ ಪಡೆಯುತ್ತವೆ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ವಿಎನ್' ಇದೆಯೇ ಎಂದು ನೋಡಿ. ಹೊರಡುವುದಕ್ಕೆ ಕನಿಷ್ಠ ಎರಡು ವಾರ ಮೊದಲೇ ಅರ್ಜಿ ಹಾಕಿ.

ನಮ್ಮವರು ಎಡವುವುದು ಹೆಸರಿನಲ್ಲಿ. ಟಿಕೆಟ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ತಂದೆಯ ಹೆಸರು ಬಿಡಿಸಿ ಬರೆದಿರುವುದು ಸಾಮಾನ್ಯ. ವೀಸಾ, ಟಿಕೆಟ್ ಎರಡರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಹೆಸರು ಬರಲಿ. ಹನೋಯಿ ಅಥವಾ ಹೋ ಚಿ ಮಿನ್ ಸಿಟಿ ಮೂಲಕ ಹೋಗುವುದಾದರೆ ವಲಸೆ ತಪಾಸಣೆ ಅಲ್ಲೇ ನಡೆಯುತ್ತದೆ. ಅರ್ಜಿಯಲ್ಲಿ ಪ್ರವೇಶದ ಸ್ಥಳವಾಗಿ ಆ ನಿಲ್ದಾಣವನ್ನೇ ನಮೂದಿಸಿ, ಡಾ ನಾಂಗ್ ಅಲ್ಲ.

ಟೂರ್ ಪ್ಯಾಕೇಜ್ ಖರೀದಿಸಿದರೆ ಮೂಲದಲ್ಲೇ ತೆರಿಗೆ, ಅಂದರೆ ಟಿಸಿಎಸ್ ಸಂಗ್ರಹಿಸುತ್ತಾರೆ. ಇದು ಕಳೆದುಹೋದ ಹಣವಲ್ಲ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ರಸೀದಿ, ಪ್ಯಾನ್ ವಿವರ ಸರಿಯಾಗಿರಲಿ.

ಗಾಲ್ಫ್ ಆಡದವರಿಗೆ ಏನು?

ಗಂಡಂದಿರು ಆಟಕ್ಕೆ ಹೋದರೆ ಹೆಂಡತಿ, ಮಕ್ಕಳು ಹೋಟೆಲ್‌ನಲ್ಲೇ ಕೂರಬೇಕೆ? ಅಥವಾ ಹೆಂಡತಿ ಆಡಲು ಹೋದರೆ ಗಂಡ? ಇದನ್ನೂ ಯೋಜನೆಯಲ್ಲೇ ಸೇರಿಸಿದರೆ ಮನೆಯಲ್ಲಿ ಒಪ್ಪಿಗೆ ಸುಲಭ. ಬಾ ನಾ ಹಿಲ್ಸ್‌ನಲ್ಲಿ ಆಡುವ ದಿನ ಉಳಿದವರು ಕೇಬಲ್ ಕಾರ್ ಹತ್ತಿ ಬೆಟ್ಟದ ಮೇಲಿನ ಗೋಲ್ಡನ್ ಬ್ರಿಡ್ಜ್ ನೋಡಬಹುದು. ಬೃಹತ್ ಕೈಗಳು ಹಿಡಿದೆತ್ತಿದಂತೆ ಕಾಣುವ ಸೇತುವೆ ಅದು.

ಒಂದು ದಿನ ಆಟಕ್ಕೆ ಬಿಡುವು ಕೊಟ್ಟು ಎಲ್ಲರೂ ಮಿ ಸನ್‌ಗೆ ಹೋಗಿ. ಚಂಪಾ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವ ದೇವಾಲಯಗಳ ಈ ಸಮುಚ್ಚಯ 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಇಲ್ಲಿ ಸಂಸ್ಕೃತ ಶಾಸನಗಳಿವೆ. ಅವುಗಳ ಲಿಪಿ ದಕ್ಷಿಣ ಭಾರತದ ಬ್ರಾಹ್ಮಿಯಿಂದ ಬಂದದ್ದು, ಅಂದರೆ ನಮ್ಮ ಕನ್ನಡ ಲಿಪಿಯ ದೂರದ ನೆಂಟ. ಅಮೆರಿಕದ ಜೊತೆಗಿನ ಯುದ್ಧದಲ್ಲಿ ಬಾಂಬ್ ದಾಳಿಗೆ ಸಿಕ್ಕ ಈ ಗುಡಿಗಳಲ್ಲಿ ಕೆಲವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಸಂರಕ್ಷಿಸಿದೆ. 2020ರಲ್ಲಿ ಆ ಕೆಲಸದ ವೇಳೆಯೇ 9ನೇ ಶತಮಾನದ ಏಕಶಿಲಾ ಶಿವಲಿಂಗ ಪತ್ತೆಯಾಗಿತ್ತು.

ಸಸ್ಯಾಹಾರಿಗಳು ನೆನಪಿಡಬೇಕಾದ ಪದ 'ಚಾಯ್'. ಫಲಕದಲ್ಲಿ ಈ ಪದವಿದ್ದರೆ ಅದು ಬೌದ್ಧ ಪದ್ಧತಿಯ ಸಸ್ಯಾಹಾರ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸು, ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಅಲ್ಲಿನ ಬಹಳಷ್ಟು ಮಂದಿ ಮಾಂಸ ಮುಟ್ಟುವುದಿಲ್ಲ. ಉಳಿದ ಹೋಟೆಲ್‌ಗಳಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಕೇಳದೆ ತಿನ್ನಬೇಡಿ.

ಕೊನೆಯ ಪಟ್ಟಿ

ಮೊದಲು ತಿಂಗಳು: ಫೆಬ್ರವರಿ ಕೊನೆಯಿಂದ ಮೇ. ಎರಡನೆಯದು ಟೀ ಟೈಮ್ ಮತ್ತು ರದ್ದತಿ ನಿಯಮ. ಮೂರನೆಯದು ಬ್ಯಾಗ್ ತೂಕ ಸೇರಿಸಿದ ವಿಮಾನ ದರ. ನಾಲ್ಕನೆಯದು ವೀಸಾ. ಹೋಟೆಲ್ ಕೊನೆಗೆ, ಹೆಚ್ಚು ದಿನ ಆಡುವ ಕೋರ್ಸ್‌ಗೆ ಹತ್ತಿರದಲ್ಲಿ.

ರಜೆ ಸಿಗುವುದೇ ದಸರಾ, ದೀಪಾವಳಿಗೆ ಮಾತ್ರ ಎನ್ನುವವರು ಆ ವಾರಕ್ಕೆ ಬೇರೆ ಊರು ಹುಡುಕುವುದು ಲೇಸು. ಡಾ ನಾಂಗ್ ಏಪ್ರಿಲ್‌ವರೆಗೆ ಕಾಯಲಿ.