ಸಾಫ್ಟ್‌ವೇರ್ ಕೆಲಸದ ಸಂದರ್ಶನ: ಮನೆಯವರು ತಿಳಿದಿರಬೇಕಾದ ವಿಷಯ



ಬಿತ್ತನೆಗೆ ಮುಂಚೆ ನಾವು ಬೀಜದ ಮೊಳಕೆ ಪರೀಕ್ಷೆ ಮಾಡುತ್ತೇವೆ. ಚೀಲದಿಂದ ನೂರು ಕಾಳು ಎಣಿಸಿ ತೆಗೆದು, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಕೆಲವು ದಿನಗಳ ಮೇಲೆ ಎಷ್ಟು ಮೊಳೆತವೆಂದು ನೋಡುತ್ತೇವೆ. ಆ ನೂರು ಕಾಳೇ ಬೆಳೆಯಲ್ಲ. ಬೆಳೆ ಹೇಗೆ ಬಂದೀತು ಎಂಬುದಕ್ಕೆ ಒಂದು ಗುರುತು ಮಾತ್ರ. ದೊಡ್ಡ ತಂತ್ರಜ್ಞಾನ ಕಂಪನಿಗಳು ಸಾಫ್ಟ್‌ವೇರ್ ಕೆಲಸಕ್ಕೆ ನಡೆಸುವ ಸಂದರ್ಶನವೂ ಇಂಥದೇ ಒಂದು ಪರೀಕ್ಷೆ.

ಬೆಂಗಳೂರಿನಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿಯೂ, ಗೂಗಲ್ ಕಂಪನಿ 2004ರಲ್ಲಿಯೂ ಕಚೇರಿ ತೆರೆದವು. ಹಳ್ಳಿಗಳಿಂದ ಎಂಜಿನಿಯರಿಂಗ್ ಓದಲು ಹೋದ ಮಕ್ಕಳು ಇಂಥ ಕಂಪನಿಗಳಿಗೆ ಅರ್ಜಿ ಹಾಕುತ್ತಾರೆ. ಆದರೆ ಸಂದರ್ಶನದಲ್ಲಿ ಏನು ನಡೆಯುತ್ತದೆಂಬುದು ಮನೆಯವರಿಗೆ ತಿಳಿಯದು. ತಿಳಿಯದ ಕಡೆ ದಲ್ಲಾಳಿ ಬಂದು ನಿಲ್ಲುತ್ತಾನೆ. ಆದುದರಿಂದ ಈ ವಿಷಯವನ್ನು ಇಲ್ಲಿ ವಿವರಿಸಿದೆ.

ಹಂತಗಳು ಯಾವುವು?

1. ಅರ್ಜಿ: ಓದು ಮತ್ತು ಮಾಡಿದ ಕೆಲಸವನ್ನು ಒಂದೆರಡು ಪುಟಗಳಲ್ಲಿ ಬರೆದು ಕಂಪನಿಗೆ ಕಳುಹಿಸಬೇಕು. ಬರೆದ ಪ್ರತಿಯೊಂದು ಮಾತಿಗೂ ಪ್ರಶ್ನೆ ಬರಬಹುದು. ಆದುದರಿಂದ ಮಾಡದ ಕೆಲಸವನ್ನು ಮಾಡಿದೆನೆಂದು ಬರೆಯಕೂಡದು.

2. ಮೊದಲ ಜರಡಿ: ಕಂಪ್ಯೂಟರಿನ ಮೂಲಕ ಒಂದು ಪರೀಕ್ಷೆ, ಇಲ್ಲವೆ ಫೋನಿನಲ್ಲಿ ಒಂದು ಸಂದರ್ಶನ. ಇಲ್ಲಿಯೂ ಅನೇಕರು ಉದುರುತ್ತಾರೆ.

3. ಮುಖ್ಯ ಸಂದರ್ಶನಗಳು: ಸಾಮಾನ್ಯವಾಗಿ ನಾಲ್ಕೈದು, ಒಂದೊಂದೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಟ್ಟು ಬಿಡಿಸಲು ಹೇಳುತ್ತಾರೆ. ಜೊತೆಗಾರರೊಡನೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ ಎಂಬಂಥ ನಡವಳಿಕೆಯ ಪ್ರಶ್ನೆಗಳೂ ಇರುತ್ತವೆ.

4. ತೀರ್ಮಾನ: ಒಬ್ಬರ ಇಷ್ಟಾನಿಷ್ಟದಿಂದ ಕೆಲಸ ಸಿಗುವುದಿಲ್ಲ, ತಪ್ಪುವುದೂ ಇಲ್ಲ. ಸಂದರ್ಶಕರು ಬರೆದಿಟ್ಟ ವರದಿಗಳನ್ನು ಬೇರೊಂದು ಸಮಿತಿ ಓದಿ ನಿರ್ಧರಿಸುವ ಪದ್ಧತಿಯನ್ನು ಗೂಗಲ್ ಬೆಳೆಸಿತು. ಅಮೆಜಾನ್ ಕಂಪನಿಯಲ್ಲಿ ಆ ಕೆಲಸಕ್ಕೆ ಸಂಬಂಧಪಡದ ತಂಡದ ಒಬ್ಬರನ್ನು ಸಂದರ್ಶಕರೊಳಗೆ ಸೇರಿಸುತ್ತಾರೆ. ಅವಸರಕ್ಕೆ ಯಾರನ್ನೋ ಆರಿಸದಂತೆ ನೋಡಿಕೊಳ್ಳುವುದು ಅವರ ಹೊಣೆ.

ಒಂದು ಮಾದರಿ ಪ್ರಶ್ನೆ

"ಸಾವಿರ ಹೆಸರುಗಳ ಪಟ್ಟಿ ಇದೆ. ಅದರಲ್ಲಿ ಒಂದು ಹೆಸರನ್ನು ಹೇಗೆ ಹುಡುಕುವಿರಿ?" ಎಂದು ಕೇಳಿದರೆನ್ನೋಣ. ಮೊದಲಿನಿಂದ ಒಂದೊಂದೇ ಓದುತ್ತ ಹೋದರೆ ಕೆಲವೊಮ್ಮೆ ಸಾವಿರವನ್ನೂ ಓದಬೇಕಾದೀತು. ಪಟ್ಟಿ ಅಕಾರಾದಿಯಾಗಿದ್ದರೆ ನಡುವಿನ ಹೆಸರನ್ನು ನೋಡಬಹುದು. ಬೇಕಾದ ಹೆಸರು ಅದಕ್ಕಿಂತ ಹಿಂದೆಯೋ ಮುಂದೆಯೋ ಎಂದು ತಿಳಿಯುತ್ತಲೇ ಅರ್ಧ ಪಟ್ಟಿಯನ್ನು ಬಿಟ್ಟುಬಿಡಬಹುದು. ಉಳಿದ ಅರ್ಧದಲ್ಲಿ ಮತ್ತೆ ನಡುವನ್ನು ನೋಡುವುದು. ಹೀಗೆ ಮಾಡಿದರೆ ಸಾವಿರ ಹೆಸರಿಗೆ ಹೆಚ್ಚೆಂದರೆ 10 ಸಲ ನೋಡಿದರೆ ಸಾಕು. ಹತ್ತು ಲಕ್ಷ ಹೆಸರಿಗೆ 20 ಸಲ ಸಾಕು.

ಪರೀಕ್ಷೆ ಇಲ್ಲಿಗೆ ಮುಗಿಯದು. ಪಟ್ಟಿ ಅಕಾರಾದಿಯಾಗಿ ಇಲ್ಲದಿದ್ದರೆ? ಒಂದೇ ಹೆಸರು ಎರಡು ಸಲ ಇದ್ದರೆ? ಹೆಸರೇ ಇಲ್ಲದಿದ್ದರೆ? ಪಟ್ಟಿಯೇ ಖಾಲಿಯಿದ್ದರೆ? ಇವನ್ನೆಲ್ಲ ಅಭ್ಯರ್ಥಿಯು ತಾನಾಗಿಯೇ ಕೇಳಿಕೊಂಡು, ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತ, ಕೊನೆಗೆ ಕಂಪ್ಯೂಟರಿಗೆ ತಿಳಿಯುವ ಭಾಷೆಯಲ್ಲಿ ಬರೆಯಬೇಕು. ಸುಮ್ಮನೆ ಕುಳಿತು ಸರಿಯುತ್ತರ ಬರೆದವರಿಗಿಂತ, ಕೇಳಿ ತಿಳಿದು, ತಪ್ಪನ್ನು ತಾವೇ ಹಿಡಿದು ತಿದ್ದಿಕೊಂಡವರ ಮೇಲೆ ಸಂದರ್ಶಕರಿಗೆ ಹೆಚ್ಚು ನಂಬಿಕೆ ಹುಟ್ಟಬಹುದು.

ಹಿಂದೆ ಗೂಗಲ್‌ನಲ್ಲಿ ಒಗಟುಗಳನ್ನು ಕೇಳುವ ರೂಢಿಯಿತ್ತು. ಅವುಗಳಿಂದ ಪ್ರಯೋಜನವಿಲ್ಲವೆಂದು ಆ ಕಂಪನಿಯ ಸಿಬ್ಬಂದಿ ವಿಭಾಗದ ಆಗಿನ ಮುಖ್ಯಸ್ಥ ಲಾಸ್ಲೊ ಬಾಕ್ 2013ರಲ್ಲಿ ಬಹಿರಂಗವಾಗಿಯೇ ಹೇಳಿದರು. ಆದುದರಿಂದ ಒಗಟು ಕಂಠಪಾಠ ಮಾಡಿ ಫಲವಿಲ್ಲ.

ಸಿದ್ಧತೆ ಹೇಗೆ?

ಕೊನೆಯ ವಾರದಲ್ಲಿ ನಿದ್ದೆಗೆಟ್ಟು ಓದಿದರೆ ಸಾಲದು. ದಿನಕ್ಕೆ ಒಂದೆರಡು ಲೆಕ್ಕದಂತೆ ಕೆಲವು ತಿಂಗಳು ಬಿಡಿಸುತ್ತ ಹೋಗಬೇಕು. ಅಭ್ಯಾಸದ ಲೆಕ್ಕಗಳು ಅಂತರಜಾಲದಲ್ಲಿ ಹಣವಿಲ್ಲದೆ ಸಿಗುತ್ತವೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನೂ ಪುಕ್ಕಟೆಯಾಗಿ ನೋಡಬಹುದು.

ಕನ್ನಡದಲ್ಲಿ ಓದಿ ಬಂದ ಮಕ್ಕಳಿಗೆ ಇಂಗ್ಲಿಷಿನಲ್ಲಿ ಮಾತನಾಡುವುದೇ ಭಯ. ಇದಕ್ಕೆ ಮದ್ದು, ಗೆಳೆಯರಿಬ್ಬರು ಎದುರುಬದುರು ಕುಳಿತು ಒಬ್ಬರು ಕೇಳಿ ಇನ್ನೊಬ್ಬರು ಜೋರಾಗಿ ವಿವರಿಸುವುದು. ಸಣ್ಣ ಸಣ್ಣ ವಾಕ್ಯಗಳು ಸಾಕು. ಪ್ರಶ್ನೆ ತಿಳಿಯದಿದ್ದರೆ ಮತ್ತೊಮ್ಮೆ ಕೇಳುವುದು ಅವಮಾನವಲ್ಲ.

ಮನೆಯವರು ಮಾಡಬಹುದಾದದ್ದೂ ಉಂಟು. ಸಂದರ್ಶನ ಮನೆಯಿಂದಲೇ ನಡೆಯುವುದಾದರೆ ಸದ್ದಿಲ್ಲದ ಒಂದು ಜಾಗ ಬಿಟ್ಟುಕೊಡಿ. ಕರೆಂಟು ಹೋದರೆ, ಸಿಗ್ನಲ್ ಕಡಿದರೆ ಏನು ಮಾಡಬೇಕೆಂದು ಮೊದಲೇ ಯೋಚಿಸಿಡಿ. ಆ ದಿನ ಹೊಲದ ಕೆಲಸಕ್ಕೆ ಕರೆಯಬೇಡಿ.

ಹಣ ಕೊಡಬೇಡಿ

ಇದನ್ನು ಚೆನ್ನಾಗಿ ಗಮನಿಸಿ. ನಿಜವಾದ ದೊಡ್ಡ ಕಂಪನಿ ಸಂದರ್ಶನಕ್ಕಾಗಲಿ ನೇಮಕಕ್ಕಾಗಲಿ ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ. ಠೇವಣಿ, ತರಬೇತಿ ಶುಲ್ಕ, ಲ್ಯಾಪ್‌ಟಾಪಿನ ಮುಂಗಡ ಎಂದು ಯಾರಾದರೂ ಕೇಳಿದರೆ ಅದು ಮೋಸವೆಂದೇ ತಿಳಿಯಿರಿ. "ಹಿಂಬಾಗಿಲಿನಿಂದ ಸೇರಿಸುತ್ತೇನೆ" ಎನ್ನುವವನ ಮಾತಿಗೆ ಹೊಲ ಅಡವಿಡಬೇಡಿ, ಒಡವೆ ಮಾರಬೇಡಿ. ಕರೆ ಪತ್ರ ಬಂದರೆ ಕಂಪನಿಯ ಸ್ವಂತ ಜಾಲತಾಣದಲ್ಲಿ ವಿಚಾರಿಸಿ ನೋಡಿ. ಆನ್‌ಲೈನ್ ಮೂಲಕ ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು.

ಕೆಲಸ ಸಿಗದಿದ್ದರೆ?

ಇಲ್ಲವೆಂಬ ಉತ್ತರವೇ ಹೆಚ್ಚಿನವರಿಗೆ ಬರುವುದು. ಹಬ್ಬುವ ಜಾತಿಯ ಕಡಲೆಕಾಯಿ ಬೀಜ ಕಿತ್ತ ಕೂಡಲೆ ಮೊಳೆಯುವುದಿಲ್ಲವೆಂಬುದು ನಿಮಗೆ ಗೊತ್ತು. ಆಗ ಪರೀಕ್ಷೆ ಮಾಡಿ ಜೊಳ್ಳೆಂದು ಎಸೆದವನಿಗೆ ನಷ್ಟ. ಒಂದೆರಡು ತಿಂಗಳು ಕಳೆದರೆ ಅದೇ ಬೀಜ ಚೆನ್ನಾಗಿ ಮೊಳೆಯುತ್ತದೆ. ಹಾಗೆಯೇ ಕೆಲವು ತಿಂಗಳು ಅಥವಾ ಒಂದು ವರ್ಷ ಕಳೆದು ಅದೇ ಕಂಪನಿಗೆ ಮತ್ತೆ ಅರ್ಜಿ ಹಾಕಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಸಣ್ಣ ಕಂಪನಿಯಲ್ಲಿ ಕೆಲಸ ಕಲಿತು ದೊಡ್ಡದಕ್ಕೆ ಹೋದವರೂ ಇದ್ದಾರೆ.

ಆದುದರಿಂದ ಮಗನಾಗಲಿ ಮಗಳಾಗಲಿ ಸೋತು ಮನೆಗೆ ಬಂದಾಗ "ಇಷ್ಟು ಖರ್ಚು ಮಾಡಿ ಓದಿಸಿದ್ದು ದಂಡವಾಯಿತು" ಎನ್ನಬೇಡಿ. ಮೊದಲು ಊಟಕ್ಕೆ ಹಾಕಿ. ಆಮೇಲೆ ಯಾವ ಪ್ರಶ್ನೆ ಕೇಳಿದರು, ಎಲ್ಲಿ ತಡವರಿಸಿತು ಎಂದು ವಿಚಾರಿಸಿ. ಅದನ್ನು ನಿಮಗೆ ಅರ್ಥವಾಗುವಂತೆ ವಿವರಿಸಲು ಹೇಳಿ. ಹಾಗೆ ವಿವರಿಸುವುದೇ ಮುಂದಿನ ಸಂದರ್ಶನಕ್ಕೆ ಒಳ್ಳೆಯ ಅಭ್ಯಾಸ.

— ಗ್ರಾಮ ಸೇವಕ